ಒಂದು ಚೀಲದ ದರ

ಪೇಟೆಗೆ ಬಂದ ಗಾಡಿಗಟ್ಟಲೆ ತೊಗರಿಯ ದರವನ್ನು ಒಂದೇ ಒಂದು ಚೀಲ ತೀರ್ಮಾನಿಸುವುದು ನ್ಯಾಯವೆಂದು ನೀವು ಒಪ್ಪುತ್ತೀರಾ?

ಇಂಗಳೇಶ್ವರದ ತೊಗರಿ ಬೆಳೆಗಾರರ ಸಂಘಕ್ಕಾಗಿ ನಾನು ದರರಕ್ಷೆಯ ಒಪ್ಪಂದವೊಂದನ್ನು ರೂಪಿಸಿದ್ದೆ. ಬಿತ್ತನೆಯ ಹೊತ್ತಿಗೆ ರೈತರು ಅಡತಿ ವರ್ತಕನೊಬ್ಬನಿಗೆ ಸಣ್ಣ ಶುಲ್ಕ ಕೊಡುವುದು. ಸುಗ್ಗಿಯಲ್ಲಿ ದರವು ಗೊತ್ತುಪಡಿಸಿದ ಮಟ್ಟಕ್ಕಿಂತ ಕುಸಿದರೆ ಕುಸಿದಷ್ಟನ್ನು ಆತ ತುಂಬಿಕೊಡುವುದು. ಗಡುವಿನ ದಿನ ಬಸವನ ಬಾಗೇವಾಡಿ ಪೇಟೆಯಲ್ಲಿ ನಡೆದ ಕೊನೆಯ ವಹಿವಾಟಿನ ದರವೇ ಅಳತೆಗೋಲು.

ಆ ದಿನ ಬೆಳಗಿನಿಂದಲೂ ದರ ನೆಲಕಚ್ಚಿತ್ತು. ಪೇಟೆ ಮುಚ್ಚುವ ಮುನ್ನ ವರ್ತಕ ತನ್ನ ಸೋದರಳಿಯನಿಂದಲೇ ಒಂದು ಚೀಲ ತೊಗರಿಯನ್ನು ದುಬಾರಿ ದರಕ್ಕೆ ಕೊಂಡ. ಕೊನೆಯ ವಹಿವಾಟು ಅದೇ ಆಯಿತು. ಒಪ್ಪಂದದ ಲೆಕ್ಕದಲ್ಲಿ ದರ ಕುಸಿದೇ ಇರಲಿಲ್ಲ, ರೈತರಿಗೆ ಬಿಡಿಗಾಸೂ ದಕ್ಕಲಿಲ್ಲ.

ನನ್ನ ಮಾತು ನಂಬಿ ಊರನ್ನೇ ಒಪ್ಪಿಸಿದ್ದ ಸಂಘದ ಅಧ್ಯಕ್ಷೆ ಅವನ ಅಂಗಡಿಗೆ ಹೋದರು. ಜೊತೆಗೆ ನಾನೂ ಇದ್ದೆ.

"ಸಾವ್ಕಾರ್ರ, ಇದ್ಯಾವ ನ್ಯಾಯಾರಿ?"

"ಅಕ್ಕಾರ, ಬರದಾವ್ರು ನಿಮ್ಮ ಕಾಲೇಜ ಕಲ್ತ ಶಾಣ್ಯಾರ ಅದಾರಲ್ರಿ. ನಾ ಓದಿ ಸಹಿ ಮಾಡೇನಿ, ನೀವು ಅವರ ಭಾಷಣ ಕೇಳಿ ಮಾಡೀರಿ."

ಅಂಗಡಿಯವರೆಲ್ಲ ನಕ್ಕರು. ಅಧ್ಯಕ್ಷೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದಿಷ್ಟು: ಎದುರಾಳಿಗೆ ಪ್ರಿಯವಾದ ವಾದವನ್ನು ಅವನಿಗೇ ಬಿಟ್ಟುಕೊಟ್ಟು, ವ್ಯಾಖ್ಯೆಯನ್ನು ಮಾತ್ರ ನಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಕು. ಅಧ್ಯಕ್ಷೆಯನ್ನು ಮತ್ತೆ ಒಪ್ಪಿಸಲು ತಿಂಗಳುಗಳೇ ಹಿಡಿದವು. ಮರುವರ್ಷ ಅದೇ ವರ್ತಕನ ಮುಂದೆ ಹೊಸ ಒಪ್ಪಂದ ಇಟ್ಟೆ. ಶುಲ್ಕ, ಮಟ್ಟ ಎರಡೂ ಹಳೆಯವೇ. ಅಳತೆ ಮಾತ್ರ ಬೇರೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಪೇಟೆಗಳಲ್ಲಿ ವಾರವಿಡೀ ಮಾರಾಟವಾದ ತೊಗರಿಯ ಸರಾಸರಿ ದರ, ಹೆಚ್ಚು ತೂಕದ ವಹಿವಾಟಿಗೆ ಸರಾಸರಿಯಲ್ಲಿ ಹೆಚ್ಚು ಪಾಲು.

"ನಾಕೂ ಊರಾಗ ನಮ್ಮ ಮಂದಿ ಅದಾರ ತಗೋರಿ," ಎನ್ನುತ್ತ ಸಹಿ ಹಾಕಿದ.

ಸುಗ್ಗಿಯಲ್ಲಿ ದರ ಮತ್ತೆ ಕುಸಿಯಿತು. ಅವನ ಮಂದಿ ನಾಲ್ಕೂ ಪೇಟೆಗಳಲ್ಲಿ ದುಬಾರಿ ದರ ಕೂಗಿದರು. ಸುದ್ದಿ ಮುಟ್ಟಿದ್ದೇ ತಡ, ರೈತರು ಟ್ರ್ಯಾಕ್ಟರುಗಳನ್ನು ಅವರ ಬಾಗಿಲಿಗೇ ತಂದು ನಿಲ್ಲಿಸಿದರು: "ಅದ ದರಕ್ಕ ನಮ್ಮದೂ ತೂಗ್ರಿ." ದರ ಎತ್ತಬೇಕಾದರೆ ಎಲ್ಲರ ತೊಗರಿಯನ್ನೂ ಕೊಳ್ಳಬೇಕು, ಕೊಳ್ಳದಿದ್ದರೆ ಕುಸಿದಷ್ಟನ್ನು ತುಂಬಬೇಕು. ಮೂರನೆಯ ದಾರಿಯನ್ನು ನಾನು ಉಳಿಸಿರಲಿಲ್ಲ. ಎರಡು ದಿನ ಕೊಂಡು ಸುಸ್ತಾದ, ಕಡೆಗೆ ತುಂಬಿದ.

"ಸಾವಕಾಶ ಎಣಸ್ರಿ, ನಮಗೇನ ಅವಸರಿಲ್ಲ," ಎಂದರು ಅಧ್ಯಕ್ಷೆ, ಅಂಗಡಿಯಲ್ಲಿ ಅವನು ನೋಟು ಎಣಿಸುವಾಗ. ನನಗೆ ಅಲ್ಲಿ ಬೇರೇನೂ ಕೆಲಸವಿರಲಿಲ್ಲ. ಆದರೂ ಕಡೆಯ ನೋಟಿನವರೆಗೆ ನಿಂತು ಅವನ ಮುಖ ನೋಡಿದೆ.

ಈಗ ಆತ ಆ ಹಳೆಯ ಒಪ್ಪಂದವನ್ನೇ ಹಿಡಿದು ಬೇರೆ ತಾಲ್ಲೂಕುಗಳಲ್ಲಿ ತಿರುಗುತ್ತಿದ್ದಾನೆಂದು ಕೇಳಿದ್ದೇನೆ. ಅಲ್ಲಿಯೂ ಅವನಿಗೆ ಗಿರಾಕಿ ಸಿಗಬಾರದು. ನಿಮ್ಮ ಊರಿಗೆ ಅಂಥ ಕಾಗದ ಬಂದರೆ, ದರವನ್ನು ಹೇಗೆ ಅಳೆಯುತ್ತಾರೆಂಬ ಸಾಲನ್ನು ಎಲ್ಲರೆದುರು ಓದಿಸಿ. ಒಂದೇ ದಿನ, ಒಂದೇ ಪೇಟೆ ಎಂದಿದ್ದರೆ ದಯವಿಟ್ಟು ಸಹಿ ಹಾಕಬೇಡಿ.