ಹುಳಿ ಹಾಕಿ ತಿಕ್ಕಿದ ಪೆನ್ನಿ

ಮೊನ್ನೆ ಗಲ್ಫಿನ ಅಲ್ ಮನ್ಸೂರಾ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ವಿಕ್ಟೋರಿಯಾ ರಾಣಿಗೆ ಹುಣಸೆಹುಳಿ, ಉಪ್ಪು ಹಾಕಿ ಗಸಗಸ ತಿಕ್ಕಿ ಸ್ನಾನ ಮಾಡಿಸಿದೆ.

ಗಾಬರಿಯಾಗಬೇಡಿ. ರಾಣಿ ಇರುವುದು ಒಂದು ಹಳೆಯ ಬ್ರಿಟಿಷ್ ಪೆನ್ನಿಯ ಮೇಲೆ. ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಿಷರ ನಾಡದೇವಿ ಬ್ರಿಟಾನಿಯಾ. ಒಂದು ಪಕ್ಕ ದೀಪಸ್ತಂಭ, ಇನ್ನೊಂದು ಪಕ್ಕ ಹಾಯಿಹಡಗು. (ಕಡಲು ತಮ್ಮದೇ ಎಂಬ ಗತ್ತನ್ನು ಬ್ರಿಟಿಷರು ಚಿಲ್ಲರೆಯಲ್ಲೂ ಬಿಡಲಿಲ್ಲ ನೋಡಿ!)

ಉಡುಪಿ ಕಡೆಯ ನನ್ನ ಅಜ್ಜ ಬ್ರಿಟಿಷ್ ಹಡಗೊಂದರಲ್ಲಿ ಅಡುಗೆಯವರಾಗಿದ್ದರು. ರಜೆಗೆ ಬಂದಾಗ ಅಜ್ಜಿಗೆ ಕೊಟ್ಟ ನಾಣ್ಯ ಇದು. ಈಗ ನನ್ನ ಬಳಿ ಇದೆ.

ಶುಕ್ರವಾರ ಇಲ್ಲಿನ ಕರಾವಳಿಯವರ ಗೆಟ್‌ಟುಗೆದರ್. ಜೊತೆಗೆ ಕಡಲಿಗೆ ಸಂಬಂಧಪಟ್ಟ ಹಳೆಯ ವಸ್ತುಗಳ ಪ್ರದರ್ಶನ. ಮಗಳು ಶೆರಿಲ್ ನಮ್ಮ ಪೆನ್ನಿಯ ಪಕ್ಕ ನಿಂತು ಕನ್ನಡದಲ್ಲಿ ಮಾತಾಡುವುದೆಂದು ತೀರ್ಮಾನವಾಗಿತ್ತು. (ಅವಳು ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಹೇಳಿದರೆ ನಮ್ಮನೆಯಲ್ಲಿ ಹಬ್ಬ.) ನಾಲ್ಕು ಜನರೆದುರು ಇಡುವ ವಸ್ತುವನ್ನು ತಿಕ್ಕಿ ಬೆಳಗದೆ ಒಯ್ಯುವುದುಂಟೆ? ನಮ್ಮೂರ ಹೆಂಗಸರಿಗೆ ಅದು ಸಾಧ್ಯವೇ ಇಲ್ಲ.

ಪ್ರದರ್ಶನದ ಉಸ್ತುವಾರಿ ಭಾಸ್ಕರ ಶೆಟ್ಟರದು. ರಾಸ್ ಲಫಾನ್‌ನ ಗ್ಯಾಸ್ ಘಟಕದಲ್ಲಿ ಎಂಜಿನಿಯರ್, ನಾಣ್ಯ ಸಂಗ್ರಹದ ಹುಚ್ಚು. ಹಿಂದಿನ ದಿನ ಒಯ್ದು ತೋರಿಸಿದರೆ, ಪೆನ್ನಿ ನೋಡಿದ್ದೇ ತಲೆ ಮೇಲೆ ಕೈಯಿಟ್ಟುಕೊಂಡರು.

"ಎಂಥ ಮಾರಾಯ್ರೆ ಇದು! ಹುಳಿ ಹಾಕಿ ತಿಕ್ಕಿದ್ದಾ? ಹಳೇ ನಾಣ್ಯಕ್ಕೆ ಕಪ್ಪೇ ಬೆಲೆ, ಅದನ್ನು ತೆಗೀಲಿಕ್ಕೆ ಉಂಟಾ? ಖಲಾಸ್! ಹಡಗಂತೂ ಕಾಣುದೇ ಇಲ್ಲ. ಇದನ್ನು ಟೇಬಲ್ ಮೇಲೆ ಇಡ್ಲಿಕ್ಕೆ ಆಗುದಿಲ್ಲ."

ಮಗಳ ಮುಖ ಸಣ್ಣದಾಯಿತು. ನನಗೆ ಮೈಯೆಲ್ಲ ಉರಿಯಿತು. ಕಪ್ಪು ತೆಗೆದದ್ದು ನನ್ನ ದಡ್ಡತನ, ಒಪ್ಪಿದೆ. ಆದರೆ ಹಡಗು?

"ಹಡಗು ಅಳಿಸಿದ್ದು ನಾನಲ್ಲ ಶೆಟ್ರೇ, ನನ್ನ ಅಜ್ಜಿ" ಎಂದೆ.

"ನಾನು ಇದೇ ಹಡಗಲ್ಲಿ ಇರುದು, ನೋಡ್ಕೋ" ಎಂದು ಅಜ್ಜ ತಮಾಷೆ ಮಾಡಿ ಹೋಗಿದ್ದರಂತೆ. ಕಾಗದ ಬರುತ್ತಿದ್ದದ್ದು ಅಪರೂಪ. ಶನಿವಾರ ಸಂಜೆ ಶಿಲುಬೆಯ ಮುಂದಿನ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡ್ ತಿಕ್ಕಿ, ಉಳಿದ ಹುಳಿಯಲ್ಲಿ ಅಜ್ಜಿ ಆ ಹಡಗನ್ನೂ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಆಮೇಲೆಯೇ ಪ್ರಾರ್ಥನೆ. ಅಜ್ಜ ಕೆಲಸ ಬಿಟ್ಟು ಊರಿಗೆ ಬರುವಷ್ಟರಲ್ಲಿ ಹಡಗು ಸವೆದು ನುಣ್ಣಗಾಗಿತ್ತು.

"ಸೆಂಟಿಮೆಂಟ್ ಬೇರೆ, ಕಂಡಿಷನ್ ಬೇರೆ ಮೇಡಂ" ಎಂದರು ಶೆಟ್ಟರು.

"ಹಾಗಾದ್ರೆ ಟೇಬಲ್ ನಾವೇ ತರ್ತೇವೆ!"

ತಂದೆವು ಕೂಡ. ನೀರುದೋಸೆ ಕೌಂಟರಿನ ಪಕ್ಕ ನಮ್ಮ ಮನೆಯ ಇಸ್ತ್ರಿ ಟೇಬಲ್. ಅದರ ಮೇಲೆ ಪಳಪಳ ಪೆನ್ನಿ. ಬೇಡ ಎಂದವರು ಬೇರೆ ಕಡೆ ನೋಡಲಿ.

ಮಗಳು ತಡವರಿಸುತ್ತ ಶುರು ಮಾಡಿದಳು: "ಇದು ನನ್ನ ಮುತ್ತಜ್ಜಿದು. ಅವ್ರು ತುಂಬಾ ವೇಯ್ಟ್ ಮಾಡಿದ್ರು. ಅದಕ್ಕೇ ಶಿಪ್ ಹೋಗಿದೆ."

ಗಂಡನನ್ನು ಕಡಲ ನಡುವಿನ ಆಫ್‌ಶೋರ್ ಡ್ಯೂಟಿಗೆ ಕಳಿಸಿ ಬಂದಿದ್ದ ಒಬ್ಬಾಕೆ ಕೈಯಲ್ಲಿದ್ದ ದೋಸೆ ತಟ್ಟೆ ಕೆಳಗಿಟ್ಟಳು. ನಾಣ್ಯ ಎತ್ತಿಕೊಂಡು ಹಡಗಿದ್ದ ಜಾಗದ ಮೇಲೆ ಹೆಬ್ಬೆರಳಾಡಿಸಿದಳು.

ನಾಣ್ಯದ ಕ್ಯಾಟಲಾಗಿನಲ್ಲಿ ರಾಣಿಗೆ ಜಾಗವಿದೆ, ಹಡಗಿಗೂ ಇದೆ. ದಡದಲ್ಲಿ ಕಾದವಳ ಹೆಬ್ಬೆರಳಿಗೆ ಯಾಕಿಲ್ಲ?