ನಾಲ್ಕು ಬೆರಳಿನ ಗುರುತು

ಮಗಳ ಎಡತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು. ಹಗಲು ಹೊತ್ತು ಅವಳನ್ನು ನೋಡಿಕೊಳ್ಳುವ ಕೇಂದ್ರದ ದಾದಿ ಸೋಮವಾರ ಬೆಳಿಗ್ಗೆ ಅದನ್ನು ಕಂಡಳು. ಬೈಯಲಿಲ್ಲ, ಕೇಳಲೂ ಇಲ್ಲ. ಅಂಗಿಯ ತೋಳು ಕೆಳಗೆಳೆದು, ತಾಯಿಯ ಕೈಗೆ ಒಂದು ಚೀಟಿ ಕೊಟ್ಟಳು. ಗುರುವಾರ ಹತ್ತೂವರೆಗೆ ಕೇಂದ್ರದ ಸಮಾಲೋಚಕಿಯ ಮುಂದೆ ಕೂರಬೇಕು. ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ತಾಯಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಯಂತ್ರದಿಂದ ಹಬೆಯಾಡುತ್ತ ಬರುವ ಹಾಸುಬಟ್ಟೆಯನ್ನು ಬರಿಗೈಯಲ್ಲಿ ಎಳೆದು ತೆಗೆಯುವವಳು ಅಲ್ಲಿ ಇವಳೊಬ್ಬಳೇ. ಅದಕ್ಕೇ ಎಲ್ಲರೂ ಅವಳನ್ನು ಇಕ್ಕಳ ಅನ್ನುತ್ತಿದ್ದರು. ಮಗಳಿಗೆ ಹತ್ತೊಂಬತ್ತು. ಹುಟ್ಟಿದಾಗಿನಿಂದ ಕೈಕಾಲು ಅವಳ ಹಿಡಿತಕ್ಕೆ ಬಂದಿರಲಿಲ್ಲ. ಮಾತಿಲ್ಲ, ನಗು ಮಾತ್ರ ಧಾರಾಳ. ಇಷ್ಟು ವರ್ಷ ಅವಳನ್ನು ಎತ್ತಿ ಇಳಿಸಿದ್ದು ಗಂಡ ಹೆಂಡತಿ ಇಬ್ಬರೂ ಸೇರಿ. ಗಂಡ ತೀರಿಹೋಗಿ ಎಂಟು ತಿಂಗಳಾಗಿತ್ತು.

ಬುಧವಾರ ಹಾಸುಬಟ್ಟೆ ಮಡಿಸುವಾಗ, ಇನ್ನೊಂದು ತುದಿ ಹಿಡಿದಿದ್ದ ಜೊತೆ ಕೆಲಸದ ದೊಡ್ಡಕ್ಕ ದನಿ ತಗ್ಗಿಸಿ ಕೇಳಿದಳು.

"ನಾಳೆ ಏನಂತ ಹೇಳ್ತೀಯ?"

"ಗೊತ್ತಿಲ್ಲ."

"ಮಂಚದಿಂದ ಬಿದ್ಲು ಅನ್ನು."

"ಮಂಚಕ್ಕೆ ನಾಲ್ಕು ಬೆರಳು ಇರತ್ತಾ?"

"ಹಾಳಾಗಿ ಹೋಗು. ನಿನ್ನ ಪರವಾಗಿ ಸುಳ್ಳು ಹುಡುಕ್ತಾ ಇದೀನಿ, ನನ್ನನ್ನೇ ತನಿಖೆ ಮಾಡ್ತೀಯ." ದೊಡ್ಡಕ್ಕ ಹತ್ತಿರ ಬಂದು ತನ್ನ ತುದಿಯನ್ನು ಇವಳ ಕೈಗಿಟ್ಟಳು. "ನೋಡು ಇಕ್ಕಳ, ಆ ಮಾತಾಡಿಸೋ ಮೇಡಂ ಮುಂದೆ ಅಳಬೇಡ. ಸಿಟ್ಟು ಬಂತು ಅಂತ ಒಂದು ಮಾತು ಬಾಯಿಂದ ಬಿದ್ರೂ ಹುಡುಗೀನ ಕರ್ಕೊಂಡು ಹೋಗ್ಬಿಡ್ತಾರೆ. ನಮ್ಮ ಬೀದಿ ಕೊನೇ ಮನೆಯವರದ್ದು ಹಾಗೇ ಆಯ್ತು."

ಆವತ್ತು ಇಕ್ಕಳ ನಲವತ್ತು ಹಾಸುಬಟ್ಟೆ ಅಡ್ಡಾದಿಡ್ಡಿಯಾಗಿ ಮಡಿಸಿದಳು.

ಸಮಾಲೋಚಕಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಲೋಟ ನೀರು. ಗೋಡೆಯಲ್ಲಿ ದೊಡ್ಡ ಗಾಜು, ಅದರಾಚೆ ಹಜಾರದಲ್ಲಿ ಮಗಳ ಗಾಲಿಕುರ್ಚಿ ಕಾಣುತ್ತಿತ್ತು. ಮೇಡಂ ಚಿಕ್ಕ ವಯಸ್ಸಿನವಳು. ನೆಗಡಿಯಾಗಿ ಮೂಗು ಕೆಂಪಗಿತ್ತು.

"ನಿದ್ದೆ ಹೇಗೆ ಬರ್ತಿದೆ?"

"ಒಂಬತ್ತಕ್ಕೆ ಮಲಗ್ತಾಳೆ. ಎರಡು ಸಲ ಮಗ್ಗುಲು ಹೊರಳಿಸ್ಬೇಕು."

"ನಿಮ್ಮ ನಿದ್ದೆ ಕೇಳಿದ್ದು."

ಇಕ್ಕಳ ಲೋಟವನ್ನು ನೋಡಿದಳು.

"ಊಟ ಮಾಡ್ತೀರಾ ಸರಿಯಾಗಿ?"

"ನುಣ್ಣಗೆ ಅರೆದು ಕೊಟ್ರೆ ಮಾಡ್ತಾಳೆ."

"ನೀವು?"

"ಅವಳ ತಟ್ಟೇಲಿ ಉಳಿದದ್ದು."

ಮೇಡಂ ಏನೋ ಬರೆದುಕೊಂಡಳು. ಆ ಪೆನ್ನಿನ ಸದ್ದಿಗೆ ಇಕ್ಕಳ ಹಾಳೆಯ ಕಡೆ ಕಣ್ಣು ಹಾಯಿಸಿದಳು. ಉಣ್ಣದಿದ್ದರೂ ತಪ್ಪಾ ಏನು?

"ತೋಳಿಗೆ ಏನಾಯ್ತು?"

"ಬಿದ್ಲು."

"ಎಲ್ಲಿಂದ?"

"ಮಂಚದಿಂದ."

"ಯಾವ ಮಗ್ಗುಲಿಗೆ ಬಿದ್ಲು?"

ಅದನ್ನು ದೊಡ್ಡಕ್ಕ ಹೇಳಿಕೊಟ್ಟಿರಲಿಲ್ಲ. ಇಕ್ಕಳ ಗಾಜಿನ ಕಡೆ ಮುಖ ತಿರುಗಿಸಿದಳು. ಅಲ್ಲಿ ಮಗಳನ್ನು ಚಾಪೆಗೆ ಇಳಿಸುವ ಹೊತ್ತು. ದಿನಾ ಎತ್ತುವ ಯಂತ್ರದ ಪಟ್ಟಿ ಹರಿದಿತ್ತೋ ಏನೋ, ದಾದಿಯೂ ಒಬ್ಬ ಆಳೂ ಕೈಯಲ್ಲೇ ಎತ್ತಲು ನೋಡುತ್ತಿದ್ದರು. ಮಗಳು ಹಲಗೆಯ ಹಾಗೆ ಬಿಗಿದುಕೊಂಡಿದ್ದಳು. ಕತ್ತು ಹಿಂದಕ್ಕೆ ವಾಲಿತ್ತು. ಆಳು ತೋಳಿಗೆ ಕೈ ಹಾಕಿದ.

ಇಕ್ಕಳ ಎದ್ದ ರಭಸಕ್ಕೆ ಲೋಟ ಉರುಳಿತು. ಹಜಾರಕ್ಕೆ ಓಡಿದಳು.

"ಬಿಡಿ. ಎಳೆದ್ರೆ ಮೂಳೆ ಮುರಿಯತ್ತೆ. ಸರ್ಕೊಳ್ಳಿ ಆಚೆ."

ಒಂದು ಕೈ ಮಗಳ ಮಂಡಿಯಡಿಗೆ ಕೊಟ್ಟಳು, ಇನ್ನೊಂದರಲ್ಲಿ ತೋಳು ಹಿಡಿದಳು. ಹಿಡಿದ ಮೇಲೆ ಗಂಟಲು ಸರಿಮಾಡಿಕೊಂಡು, ಗಂಡಸಿನ ಒರಟು ದನಿಯಲ್ಲಿ, "ಹೂಂ, ಹೊರಡೋಣ್ವಾ ದೊರೆ?" ಎಂದಳು.

ಆಳಿಗೆ ನಗು ಬಂತು. ಮಗಳು ಮಾತ್ರ ಕಿವಿಯಾನಿಸಿದಳು. ಬಿಗಿ ಮೆಲ್ಲಗೆ ಸಡಿಲಿತು. ಇಕ್ಕಳ ಅವಳನ್ನು ಚಾಪೆಗಿಳಿಸಿದಳು.

ಅಂಗಿಯ ತೋಳು ಮೇಲೆ ಸರಿದಿತ್ತು. ತಾಯಿಯ ನಾಲ್ಕು ಬೆರಳೂ ಆ ನಾಲ್ಕು ಗುರುತಿನ ಮೇಲೆ ಅಚ್ಚು ಹಾಕಿದಂತೆ ಕೂತಿದ್ದವು. ಮೇಡಂ ಹಿಂದೆಯೇ ಬಂದು ನಿಂತಿದ್ದಳು. ಅವಳೂ ನೋಡಿದಳು.

ಕೋಣೆಗೆ ವಾಪಸು ಬಂದರು. ಚೆಲ್ಲಿದ ನೀರನ್ನು ಇಕ್ಕಳ ಸೆರಗಿನಿಂದ ಒರೆಸಿದಳು. ಮೇಡಂ ಕೇಳುವ ಮೊದಲೇ ಇಕ್ಕಳ ತಾನೇ ಶುರು ಮಾಡಿದಳು.

"ಅದು ಇವಳಪ್ಪನ ಮಾತು. ಗೋದಾಮಲ್ಲಿ ಮೂಟೆ ಹೊರೋರು. ಇವಳನ್ನ ಎತ್ತೋವಾಗ ಹಾಗೇ ಅನ್ನೋರು. ಅದು ಕೇಳಿಸ್ದೆ ಇದ್ರೆ ಇವಳು ಮೈ ಬಿಡಲ್ಲ. ಎಂಟು ತಿಂಗಳಿಂದ ನಾನೇ ಅವರ ದನಿ ಮಾಡ್ತೀನಿ, ದಿನಕ್ಕೆ ಆರು ಸಲ."

"ಭಾನುವಾರ ಏನಾಯ್ತು?"

"ಭಾನುವಾರ ಬರ್ಲಿಲ್ಲ. ಬಾಯಿ ತೆಗೆದೆ, ಅಳು ಬಂತು. ಇವಳು ಬಿಗಿದ್ಕೊಂಡೇ ಇದ್ಲು. ಮೈಯೆಲ್ಲ ಒದ್ದೆ ಮಾಡ್ಕೊಂಡಿದ್ಲು. ಸಿಟ್ಟು ಬಂತು. ಹಿಡಿದು ಅಲ್ಲಾಡಿಸ್ದೆ." ನಿಲ್ಲಿಸಿದಳು. ಮತ್ತೆ ಹೇಳಿದಳು. "ಅವರ ಬದಲು ನೀನೇ ಹೋಗಬಾರ್ದಿತ್ತಾ ಅಂದೆ. ಇವಳಿಗೆ ಏನೂ ಅರ್ಥ ಆಗಲ್ಲ ಅಂತಾರೆ ಎಲ್ಲರೂ. ಆಗತ್ತೆ. ಆವತ್ತೆಲ್ಲ ನಗಲಿಲ್ಲ."

ಮೇಡಂ ಮೂಗು ಒರೆಸಿಕೊಂಡಳು. ನೆಗಡಿಗೋ ಏನೋ.

"ಈಗ ಕಿತ್ಕೊಳ್ತೀರಾ ಅವಳನ್ನ?"

"ನಾನೊಬ್ಬಳೇ ತೀರ್ಮಾನ ಮಾಡೋ ಹಾಗಿಲ್ಲಮ್ಮ. ಮೇಲಿನವರನ್ನ ಕೇಳ್ಬೇಕು. ಕೂತಿರಿ."

ಬಾಗಿಲು ಮುಚ್ಚಿತು. ಇಕ್ಕಳ ಗಾಜಿನಾಚೆ ನೋಡುತ್ತ ಕೂತಳು. ಮಗಳನ್ನು ಎತ್ತಿಕೊಂಡು ಓಡಿಬಿಡೋಣ ಅನ್ನಿಸಿತು. ಎತ್ತಿಕೊಂಡು ಓಡುವಷ್ಟು ಹಗುರವೇ ಅವಳು? ಗೋಡೆಯ ಗಡಿಯಾರ ಇಪ್ಪತ್ತೈದು ನಿಮಿಷ ತಿಂದಿತು.

ಮೇಡಂ ಒಂದು ಹಾಳೆ ಹಿಡಿದು ಬಂದಳು.

"ಮಗಳು ಮನೇಲೇ ಇರ್ತಾಳೆ. ಬೆಳಿಗ್ಗೆ ಎತ್ತೋಕೆ ಒಬ್ಬರನ್ನ ಕಳಿಸ್ತೀವಿ. ಪ್ರತಿ ಗುರುವಾರ ನೀವು ಇಲ್ಲಿಗೆ ಬರ್ಬೇಕು, ನಿಮ್ಮ ವಿಷಯ ಮಾತಾಡೋಕೆ. ವಾರಕ್ಕೊಂದು ಸಲ ದಾದಿ ಮನೆಗೆ ಬಂದು ಅವಳ ಮೈ ನೋಡ್ತಾಳೆ."

"ಅಂದ್ರೆ ನನ್ನ ನಂಬಲ್ಲ."

"ಸದ್ಯಕ್ಕೆ ಇಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಇಕ್ಕಳ ಹಾಳೆ ತೆಗೆದುಕೊಂಡಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಒಂದು ಸಾಲಿಗೆ ಬೆರಳಿಟ್ಟಳು.

"ಎತ್ತುವಾಗ ಆದ ಗಾಯ ಅಂತ ಬರ್ದಿದೀರ."

"ಹೂಂ."

"ಸಿಟ್ಟಲ್ಲಿ ಹಿಡಿದದ್ದು ಅಂತ ಸೇರಿಸಿ."

ಮೇಡಂ ಅವಳ ಮುಖವನ್ನೇ ನೋಡಿದಳು. "ಯೋಚನೆ ಮಾಡಿ. ಅದನ್ನ ಸೇರಿಸಿದ್ರೆ ದಾದಿ ವಾರಕ್ಕೆ ಮೂರು ಸಲ ಬರ್ತಾಳೆ."

"ಬರ್ಲಿ. ಬಂದವಳು ಸುಮ್ನೆ ನಿಂತ್ಕೊಂಡು ನೋಡ್ತಾಳಾ? ಒಂದು ಕಡೆ ಹಿಡ್ಕೊಳ್ಳೋಕೆ ಹೇಳ್ತೀನಿ."

ಮೇಡಂ ಆ ಸಾಲನ್ನು ಸೇರಿಸಿದಳು. ಇಕ್ಕಳ ಅದನ್ನೂ ಓದಿದಳು. ಆಮೇಲೆ ಸಹಿ ಹಾಕಿದಳು.