ಬಂಗಾರ ಬಿಚ್ಚಿಟ್ಟು ಹೋದ ಭಾನುವಾರ

ನನ್ನ ಗಂಡ ತಿಂಗಳಿಗೊಂದು ಶನಿವಾರ ಕಪ್ಪು ಕೋಟು ಹಾಕಿಕೊಂಡು ಬೆಂಗಳೂರಿನ ಲಾಡ್ಜಿಗೆ ಹೋಗುತ್ತಿದ್ದರು. ಮದುವೆಯಾಗಿ ಕನಕಪುರದ ಮನೆಗೆ ಬಂದ ಹೊಸತರಲ್ಲಿ ಆ ಮಾತು ಕೇಳಿ ನನಗೆ ದಿಗಿಲಾಗಿತ್ತು. ನಮ್ಮ ಕಡೆ ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡ್ ಪಕ್ಕದ ಬಾಡಿಗೆ ರೂಮು. ಆಮೇಲೆ ಅವರೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅದು ಫ್ರೀಮೇಸನ್ನರ ಸಭೆ. ಹಿಂದಿನ ಕಾಲದ ಕಲ್ಲುಕುಟಿಗರ ರೀತಿನೀತಿಗಳನ್ನು ಇಟ್ಟುಕೊಂಡು ಬೆಳೆದ ಸಂಘ. ದೇವರನ್ನು ನಂಬುವವನು ಯಾವ ಮತದವನಾದರೂ ಸೇರಬಹುದು. ಒಳಗೆ ಕೂತ ಮೇಲೆ ಎಲ್ಲರೂ ಅಣ್ಣತಮ್ಮಂದಿರು, ರಾಜಕೀಯ ಎತ್ತುವಂತಿಲ್ಲ, ಧರ್ಮದ ಜಗಳ ತೆಗೆಯುವಂತಿಲ್ಲ. ಒಬ್ಬರನ್ನೊಬ್ಬರು ಗುರುತು ಹಿಡಿಯುವ ಸನ್ನೆ, ಹಸ್ತಲಾಘವ, ಗುಟ್ಟಿನ ಮಾತು ಇವನ್ನು ಮಾತ್ರ ಹೊರಗೆ ಬಾಯಿಬಿಡಬಾರದು.

"ಹಂಗಾರೆ ನಾನೂ ಸೇರ್ತೀನಿ," ಅಂದೆ.

"ಹೆಂಗಸರನ್ನ ಸೇರಿಸ್ಕೊಳಲ್ಲ. ಅದು ರೂಲು," ಅಂದರು.

ನಾನು ದನದ ಡಾಕ್ಟರು. ಹೋರಿ ಹಿಡಿಯೋ ಕೆಲಸ ಹೆಂಗಸರಿಗಲ್ಲ ಅಂತ ಕೊಟ್ಟಿಗೆ ಬಾಗಿಲಲ್ಲೇ ತಡೆದವರನ್ನೆಲ್ಲ ದಾಟಿ ಬಂದವಳು. ಹಾಗಾಗಿ ಆ ಮಾತು ನನಗೆ ನಾಟಿತು. ಅವರು ತಾರಸಿಯ ಮೇಲೆ ಒಬ್ಬರೇ ಅಡ್ಡಾಡುತ್ತ ಲಾಡ್ಜಿನಲ್ಲಿ ಒಪ್ಪಿಸಬೇಕಾದ ಮಾತುಗಳನ್ನು ಬಾಯಿಪಾಠ ಮಾಡುವಾಗ ನಾನು ಮೆಟ್ಟಿಲ ಹತ್ತಿರ ಹೋದರೆ ಸುಮ್ಮನಾಗಿಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಸಲ ರಾಮನಗರದಲ್ಲಿ ನಮ್ಮ ಇಲಾಖೆಯ ಸಭೆಗೆ ಹೋದಾಗ, ನನಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಡಂ ಸಿಕ್ಕಿದರು. ಅವರಿಗೆ ರಿಟೈರಾಗಿತ್ತು, ಭಾಷಣಕ್ಕೆಂದು ಕರೆಸಿದ್ದರು. ಊಟದ ಹೊತ್ತಿನಲ್ಲಿ ನನ್ನ ಗಂಡನ ಲಾಡ್ಜಿನ ಮಾತು ಬಂತು. ಮೇಡಂ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ನಾನೂ ಮೇಸನ್ನೇ ಕಣಮ್ಮ," ಅಂದರು.

ಗಂಡಸರು ಹೆಂಗಸರು ಇಬ್ಬರನ್ನೂ ಸಮವಾಗಿ ಸೇರಿಸಿಕೊಳ್ಳುವ ಬೇರೆ ಒಂದು ಮೇಸನ್ ಸಂಸ್ಥೆ ಇದೆಯಂತೆ. ಅದರ ಲಾಡ್ಜೂ ಬೆಂಗಳೂರಿನಲ್ಲಿದೆಯಂತೆ. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಅರ್ಜಿ ಹೇಗೆ, ಯಾರನ್ನು ಕೇಳಬೇಕು, ಎಂದು ಒಂದರ ಮೇಲೊಂದು ಕೇಳಿದೆ. "ಯಾರೂ ನಿನ್ನ ಕರೆಯಲ್ಲ. ನೀನೇ ಬಾಯಿಬಿಟ್ಟು ಕೇಳ್ಬೇಕು. ಈಗ ಕೇಳಿದ್ಯಲ್ಲ, ನಾನು ನಿನ್ನ ಹೆಸರು ಸೂಚಿಸ್ತೀನಿ," ಅಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಖುಷಿಪಡಲಿಲ್ಲ, ಬೈಯಲೂ ಇಲ್ಲ. "ಆ ಸಂಸ್ಥೆಗೆ ನಮ್ಮವರು ಮಾನ್ಯತೆ ಕೊಟ್ಟಿಲ್ಲ," ಅಂದರು. ಮಾನ್ಯತೆ ಇಲ್ಲವೆಂದರೆ, ಇವರ ಲೆಕ್ಕದಲ್ಲಿ ಅವರು ಮೇಸನ್ನರೇ ಅಲ್ಲ. ಅಲ್ಲಿಗೆ ಹೋಗಿ ಕೂರುವಂತಿಲ್ಲ, ಅವರನ್ನು ಇಲ್ಲಿ ಕೂರಿಸುವಂತಿಲ್ಲ. "ಅಂದ್ರೆ ನಾನು ಸೇರಿದ್ರೂ ನಿಮ್ಮ ಲೆಕ್ಕಕ್ಕಿಲ್ಲ," ಅಂದೆ. ಅವರು, "ಲಾಡ್ಜಿನ ಲೆಕ್ಕಕ್ಕಿಲ್ಲ. ಮನೆ ಲೆಕ್ಕ ಬೇರೆ. ನಿಂಗೆ ಬೇಕು ಅನ್ನಿಸಿದ್ರೆ ಸೇರು," ಅಂದರು.

ಆ ಲಾಡ್ಜಿನ ಕೆಲವರು ನನ್ನನ್ನು ನೋಡಲು ಮನೆಗೇ ಬಂದರು. ಥೇಟ್ ಹೆಣ್ಣು ನೋಡಲು ಬಂದಂತೆ. ಅತ್ತೆ ಸೋಲೂರು ಕಡೆಯವರು, ಎಲ್ಲರಿಗೂ ಮಜ್ಜಿಗೆ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಬಂದವರಲ್ಲೊಬ್ಬರು, "ಪರಮಶಕ್ತಿ ಒಂದಿದೆ ಅಂತ ನಂಬ್ತೀರಾ?" ಅಂತ ಕೇಳಿದರು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದಾಗ, ಭುಜದವರೆಗೆ ಕೈ ಒಳಗಿಟ್ಟುಕೊಂಡು ನಾನು ಯಾರನ್ನೋ ಕರೆಯುತ್ತೇನೆ, ಆ ಹೊತ್ತಿಗೆ ಹೆಸರು ಬಾಯಿಗೆ ಬರುವುದಿಲ್ಲ, ಅಂದೆ. ಅವರು ಅದನ್ನು ಒಪ್ಪಿಕೊಂಡಂತೆ ತಲೆಯಾಡಿಸಿದರು.

ಆಮೇಲೆ ಗುಟ್ಟಿನ ಮತ. ಪೆಟ್ಟಿಗೆಯೊಳಗೆ ಗುಂಡು ಹಾಕುತ್ತಾರೆ. ಬಿಳಿ ಗುಂಡು ಒಪ್ಪಿಗೆ, ಕರಿ ಗುಂಡು ಬೇಡ. ಯಾರು ಯಾವುದು ಹಾಕಿದರೆಂದು ಯಾರಿಗೂ ತಿಳಿಯದು. ಮೇಡಂ ಫೋನ್ ಮಾಡಿದಾಗ ನಾನು ಕೋಡಿಹಳ್ಳಿಯ ಒಂದು ಕೊಟ್ಟಿಗೆಯಲ್ಲಿ ಎಮ್ಮೆಗೆ ಸೂಜಿ ಚುಚ್ಚುತ್ತಿದ್ದೆ. "ಎಲ್ಲಾ ಬಿಳೀನೇ," ಅಂದರು ಅಷ್ಟೆ. ನಾನು ಸಿರಿಂಜ್ ಹಿಡಿದುಕೊಂಡೇ ಕುಣಿದುಬಿಟ್ಟೆ. ಎಮ್ಮೆ ಬೆದರಿ ಹಗ್ಗ ಜಗ್ಗಿತು.

"ಯಾಕ್ರವ್ವಾ, ಲಾಟ್ರಿ ಹೊಡೀತಾ?" ಅಂದ ಎಮ್ಮೆಯ ಯಜಮಾನ.

"ಅದ್ಕಿಂತ ದೊಡ್ಡದು ಕಣಪ್ಪ," ಅಂದೆ.

ಲಾಡ್ಜಿಗೆ ಸೇರಿಸಿಕೊಳ್ಳುವ ದೀಕ್ಷೆ ಒಂದು ಭಾನುವಾರಕ್ಕೆ ಗೊತ್ತಾಯಿತು. ತೊಡಕು ಬಂದದ್ದು ಅದರ ಹಿಂದಿನ ವಾರದಲ್ಲಿ. ದೀಕ್ಷೆಗೆ ಬರುವವರ ಮೈಮೇಲೆ ಲೋಹದ ಚೂರೂ ಇರಕೂಡದು ಎಂದು ಮೇಡಂ ಹೇಳಿದರು. ಬಡವನಾಗಲಿ ಸಾಹುಕಾರನಾಗಲಿ, ಬರಿಗೈಯಲ್ಲಿ ಒಳಗೆ ಬರಬೇಕು. ಬಳೆ, ಓಲೆ, ಮೂಗುಬೊಟ್ಟು, ಕಾಲುಂಗುರ ಎಲ್ಲವೂ ಸರಿ. ತಾಳಿ? "ಮನಸ್ಸು ಬಾರದಿದ್ರೆ ಬಟ್ಟೆ ಸುತ್ತಿ ಮುಚ್ಚಿಕೊಬಹುದು," ಅಂದಿದ್ದರು. ಆದರೆ ಅರ್ಧಂಬರ್ಧ ಮಾಡಿಕೊಂಡು ಹೋಗಲು ನನಗೆ ಇಷ್ಟವಿರಲಿಲ್ಲ. ಅತ್ತೆಗೆ ಹೇಗೆ ಹೇಳುವುದು? ಗಂಡನಿಗೆ ಹೇಳಿದರೆ, "ನೀನುಂಟು, ಅವ್ವ ಉಂಟು," ಎಂದು ಜಾರಿಕೊಂಡರು.

ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಧೈರ್ಯ ಮಾಡಿ ಹೇಳಿಬಿಟ್ಟೆ. ಅತ್ತೆ ಹಿಟ್ಟು ತಿರುವುತ್ತಿದ್ದ ಕೋಲು ಕೆಳಗಿಟ್ಟರು.

"ತಾಳಿ ಸರ ಪೋಣ್ಸಕ್ಕೆ ಆಚಾರಿ ತಾವ ಕೊಟ್ಟಾಗ ಏನ್ ಮಾಡ್ತೀವಿ?" ಅಂದರು.

"ಬಿಚ್ಚಿ ಕೊಡ್ತೀವಿ," ಅಂದೆ.

"ಓದಿರೋದು ದನದ ಪಾಠ ಮಾತ್ರ ನೀನು. ಬಾ ಇಲ್ಲಿ." ದೇವರ ಮನೆಯಿಂದ ಅರಿಶಿನದ ಕೊಂಬು ತಂದು, ಹಸಿ ದಾರಕ್ಕೆ ಅರಿಶಿನ ಬಳಿದು ಕಟ್ಟಿ, ನನ್ನ ಕೊರಳಿಗೆ ಹಾಕಿಸಿದರು ಮಗನ ಕೈಯಲ್ಲಿ. "ಇದ್ರಾಗೆ ಕಬ್ಣ ಐತಾ? ಬಂಗಾರ ಐತಾ? ಇಲ್ವಲ್ಲ. ವೋಗ್ಬುಟ್ ಬಾ." ಊದಿದ ಬೆರಳಿನಿಂದ ಕಾಲುಂಗುರ ಬರದೆ ಇದ್ದಾಗ ಹರಳೆಣ್ಣೆ ಹಚ್ಚಿ ತಿರುಗಿಸಿ ತೆಗೆದವರೂ ಅವರೇ.

ಗಂಡ ಕಾರಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಹಾರೋಹಳ್ಳಿ ದಾಟುವವರೆಗೂ ಬೋಳು ಕಿವಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. "ಹೆದರ್ಕೊಬೇಡ. ನಾನೂ ಹಿಂಗೇ ಹೆದರಿದ್ದೆ," ಅಂದರು. ಲಾಡ್ಜಿನ ಬಗ್ಗೆ ಅವರು ತಮ್ಮ ಮನಸ್ಸಿನ ಮಾತು ಆಡಿದ್ದು ಅದೇ ಮೊದಲು. ಗೇಟಿನ ಹತ್ತಿರ ನನ್ನನ್ನು ಇಳಿಸಿ, ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಹೋದರು.

ಬಾಗಿಲ ಒಳಗೆ ನಡೆದದ್ದನ್ನು ಬರೆಯಲಾರೆ, ಮಾತು ಕೊಟ್ಟಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟಿದ್ದರು ಎಂದಷ್ಟೇ ಹೇಳಬಹುದು. ಗುರುತಿಲ್ಲದ ಒಂದು ಕೈ ನನ್ನ ಮೊಣಕೈ ಹಿಡಿದು ನಡೆಸುತ್ತಿತ್ತು. ಬಟ್ಟೆ ಬಿಚ್ಚಿದಾಗ ಕಂಡದ್ದು ನನ್ನ ಕಡೆ ತಿರುಗಿದ್ದ ಅಷ್ಟೊಂದು ಮುಖಗಳು, ಗಂಡಸರು, ಹೆಂಗಸರು, ನಡುವೆ ನಗುತ್ತಿದ್ದ ಮೇಡಂ. ಎದೆ ತುಂಬಿ ಅಳು ಬಂತು, ತಡೆಯಲಿಲ್ಲ.

ಸಭೆ ಮುಗಿದ ಮೇಲೆ ಎಲ್ಲರಿಗೂ ಊಟ. ಊಟಕ್ಕೆ ಮನೆಯವರೂ ಬರಬಹುದಿತ್ತು. ತಮ್ಮ ಲಾಡ್ಜಿನ ಹಿರಿಯರನ್ನು ಗಂಡ ಮೊದಲೇ ಕೇಳಿಕೊಂಡಿದ್ದರಂತೆ. "ಒಟ್ಟಿಗೆ ಸಭೇಲಿ ಕೂರಬೇಡ ಅಂತೀವಿ. ಹೆಂಡತಿ ಜೊತೆ ಉಣ್ಣಬೇಡ ಅಂತ ಯಾವ ರೂಲೂ ಇಲ್ಲ," ಅಂದಿದ್ದರಂತೆ ಅವರು. ಗಂಡ ಬಂದವರೇ ಅಭಿನಂದನೆ ಹೇಳಲು ಕೈ ಚಾಚಿದರು. ನಾನೂ ಚಾಚಿದೆ. ಅಷ್ಟರಲ್ಲಿ ಇಬ್ಬರಿಗೂ ಒಂದೇ ಯೋಚನೆ ಬಂತು: ಈ ಕೈ ಹಿಡಿದರೆ ಯಾವ ರೀತಿ ಹಿಡಿಯುವುದು, ಗುಟ್ಟಿನ ರೀತಿಯೋ, ಮಾಮೂಲಿಯೋ? ಇಬ್ಬರೂ ಕೈ ಹಿಂದೆಗೆದು ನಮಸ್ಕಾರ ಮಾಡಿದೆವು. ಸುತ್ತ ನಿಂತಿದ್ದವರು ಹೊಟ್ಟೆ ಹಿಡಿದು ನಕ್ಕರು. ಗಂಡ ನನ್ನ ಪಕ್ಕದಲ್ಲೇ ಕೂತು ಉಂಡರು, ಹೋಳಿಗೆ ಎರಡನೇ ಸಲವೂ ಹಾಕಿಸಿಕೊಂಡರು.

ಈಗ ಬಾಯಿಪಾಠಕ್ಕೆ ತಾರಸಿ ಅವರದು, ಹಿತ್ತಿಲು ನನ್ನದು. ಎರಡು ಸಂಸ್ಥೆಗಳ ನಡುವೆ ಮಾನ್ಯತೆ ಇವತ್ತಿಗೂ ಇಲ್ಲ. ಹೋದ ತಿಂಗಳು ಮಾಗಡಿ ಕಡೆಯ ಒಬ್ಬ ಟೀಚರು ಸೇರಬೇಕೆಂದು ಕೇಳಿದ್ದರು. ಅವರ ಮನೆಗೆ ಹೋಗಿ ಮಾತಾಡಿಸುವವರಲ್ಲಿ ನಾನೂ ಒಬ್ಬಳು. ಅಲ್ಲಿನ ಕಲ್ಯ ಎಂಬ ಊರಿನ ದಾರಿಯಲ್ಲಿ ಗಾಡಿ ಓಡಿಸುತ್ತಿದ್ದವರು ನನ್ನ ಗಂಡ. ಆ ಮನೆ ಬಂದಾಗ ಅವರು ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ, "ನಿಧಾನಕ್ಕೆ ಮುಗಿಸ್ಕೊಂಡು ಬಾ," ಎಂದು ಪೇಪರ್ ಬಿಚ್ಚಿದರು. ನಾನು ಸೆರಗು ಸರಿಮಾಡಿಕೊಂಡು ಬಾಗಿಲು ತಟ್ಟಿದೆ.